ಹದಿನಾಲ್ಕು ಅಡಿ ಹಲಗೆ

ಕಡಲಕೇರಿ, ಕುಂದಾಪುರ ತಾಲೂಕು
3 ಡಿಸೆಂಬರ್ 2007

ಪಂಚಾಯತ್ ಕಾರ್ಯದರ್ಶಿಯವರಿಗೆ ಮೀನುಬಲೆ ರಿಪೇರಿ ಮಾಡುವ ಸರಸಳ ನಮಸ್ಕಾರ.

ಕಳೆದ ಗ್ರಾಮಸಭೆಯ ದಿನ ನಾಲ್ವರು ನನ್ನನ್ನು ಗಾಲಿಕುರ್ಚಿ ಸಮೇತ ಎತ್ತಿ ಮೂರು ಮೆಟ್ಟಿಲು ಹತ್ತಿಸಿದರು. ಸಭೆ ಚಪ್ಪಾಳೆ ತಟ್ಟಿತು. ನಾನು ಹೇಳಲು ಬಂದಿದ್ದ ದಾರಿದೀಪದ ವಿಷಯ ಆ ಚಪ್ಪಾಳೆಯಲ್ಲೇ ಮುಳುಗಿಹೋಯಿತು. ಹೊರಡುವಾಗ ನೀವು ಪ್ರೀತಿಯಿಂದಲೇ ಹೇಳಿದಿರಿ: “ಇನ್ ಮೇಲೆ ನೀವ್ ಬಪ್ಪುದ್ ಬ್ಯಾಡ ಅಕ್ಕಾ, ನಿಮ್ ಸೈನ್ ನಾನೇ ಮನೆಗ್ ಬಂದ್ ತಕಂತೆ.”

ಅಕ್ಟೋಬರಿನಲ್ಲಿ ಬಲೆ ಹೆಣೆಯುತ್ತ ರೇಡಿಯೋ ಕೇಳಿದೆ. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ ಮಾಡಿದ ಒಪ್ಪಂದವನ್ನು ನಮ್ಮ ಸರ್ಕಾರ ಒಪ್ಪಿಕೊಂಡಿದೆಯಂತೆ. ಎಲ್ಲರೂ ಹೋಗುವ ಕಡೆಗೆ ನಾವೂ ಹೋಗುವಂತಿರಬೇಕು ಎಂದು ದೆಹಲಿ ಜಗತ್ತಿಗೇ ಮಾತು ಕೊಟ್ಟಿದೆ. ಅಂಥ ಮಾತು ಕೊಟ್ಟ ದೇಶದವಳು ನಾನು ಎಂಬ ಹೆಮ್ಮೆಗೆ ಆ ದಿನ ಕೈ ಚುರುಕಾಗಿಯೇ ಓಡಿತು.

ಅಣ್ಣ ಚಂದ್ರನಿಗೆ ಇದನ್ನೂ ಮೆಟ್ಟಿಲಿನ ವಿಷಯವನ್ನೂ ಹೇಳಿದೆ. ಅವನು ನಕ್ಕ. “ದೋಣಿ ದಡಕ್ಕ್ ಹತ್ಸುಕೆ ಹಲ್ಗಿ ಹಾಕ್ತೊ. ನಿನ್ನ ಎಂತಕ್ಕೆ ಹೊರೂದ್?”

ಶುಕ್ರವಾರ ಬೆಳಿಗ್ಗೆ ಅವನು ಹಳೆ ದೋಣಿಯ ಹದಿನಾಲ್ಕು ಅಡಿ ಹಲಗೆಗಳನ್ನು ತಂದು ಪಂಚಾಯತ್ ಮೆಟ್ಟಿಲಿಗೆ ಇಳಿಜಾರಾಗಿ ಜೋಡಿಸುತ್ತಾನೆ. ನೀವು ಸಿಮೆಂಟಿನದ್ದು ಕಟ್ಟಿಸುವವರೆಗೆ ಅದು ಇರಲಿ. ದಯವಿಟ್ಟು ಗೇಟಿನ ಬೀಗ ತೆಗೆದಿಡಿ, ಹೂವಿನ ಕುಂಡಗಳನ್ನು ಪಕ್ಕಕ್ಕೆ ಸರಿಸಿಡಿ.

ಮುಂದಿನ ಸಭೆಗೆ ನಾನೇ ಬರುತ್ತೇನೆ. ದಾರಿದೀಪದ ಬಗ್ಗೆ ಹೇಳುವುದು ಬಹಳ ಇದೆ, ಬೇಸರ ಬಂದರೆ ಬೈಯಿರಿ. ಚಪ್ಪಾಳೆ ಮಾತ್ರ ಬೇಡ.

ಇತಿ,
ಸರಸ ಮೊಗವೀರ