ಜಟಗ ಸೇದದ ಚುಟ್ಟಾ

ಅಮದಳ್ಳಿ,
ನವೆಂಬರ್ ೧೪, ೨೦೨೪

ಬೆಳಂಬಾರದ ಸಮಸ್ತ ಸೊಸೆಯಂದಿರೊಳಗೆ ಸಿಟ್ಟಿನಲ್ಲಿ ಅಗ್ರಗಣ್ಯಳಾದ ನಿಶಾಕ್ಕನ ಪಾದಾರವಿಂದಗಳಿಗೆ (ಊದಿಕೊಂಡಿವೆಯೆಂದು ಮಾಮಿಗೆ ಯಾರೋ ಹೇಳಿದರಂತೆ, ಕೆಳಗೆ ದಿಂಬು ಇಟ್ಟುಕೊ) ದೀಕ್ಷಾಳ ಸಾಷ್ಟಾಂಗ ನಮಸ್ಕಾರ.

ತಡವಾಯಿತು, ಮಾಫ್ ಮಾಡು. ನೀನು ಈ ಮನೆಯ ಯಾರ ಫೋನನ್ನೂ ಎತ್ತುವುದಿಲ್ಲ ಎಂದು ಶಪಥ ಮಾಡಿದ್ದರಿಂದ, ಈ ಕಾಲದಲ್ಲೂ ಕಾಗದ ಪೆನ್ನು ಹಿಡಿದು ಕೂರುವ ಯೋಗ ನನಗೆ ಬಂದಿದೆ. ಪತ್ರ ತರುವವನು ನಮ್ಮ ಪಕ್ಕದ ಮನೆಯ ಶ್ರೀನಿವಾಸಣ್ಣ. ಅವನಿಗೆ ಒಂದು ಚಹಾ ಕೊಡು. ಅವನ ಎದುರಿಗೆ ಮಾತ್ರ ಓದಬೇಡ. ಯಾಕೆಂದು ಮುಂದೆ ತಿಳಿಯುತ್ತದೆ.

ಮನೆಯ ವರದಿ ಹೀಗಿದೆ. ಕೆಂಪು ದನ ಕರು ಹಾಕಿದೆ. ಒಳಕೋಣೆಗೆ ಸುಣ್ಣ ಹೊಡೆದಾಗಿದೆ, ಮಾಮಿ ನಿನಗಾಗಿ ಹಳೆ ಸೀರೆಗಳನ್ನೆಲ್ಲ ಒಗೆದು ಮಡಚಿ ಇಟ್ಟಿದ್ದಾಳೆ. ಬಾಣಂತನಕ್ಕೆ ಎಲ್ಲ ತಯಾರು. ಬಂದು ಕರೆದೊಯ್ಯಬೇಕಾದ ನಿನ್ನ ಅಪ್ಪ, ನನ್ನ ಮಾಮ, ಮಾತ್ರ ಜಗಲಿ ಬಿಟ್ಟು ಏಳುತ್ತಿಲ್ಲ. ತವರಿನವರಿಗೆ ದಾರಿ ಮರೆತುಹೋಯಿತೇ ಎಂದು ನಿನ್ನ ಅತ್ತೆ ನಾಲ್ಕು ಜನರ ಎದುರು ಕೇಳಿದ್ದು ನಮಗೂ ಮುಟ್ಟಿದೆ. ಬಸ್ಸು ಹತ್ತಿ ಒಂದು ತೂಕಡಿಕೆ ಮುಗಿಯುವುದರೊಳಗೆ ಅಂಕೋಲಾ ಬರುತ್ತದೆ, ಅದರ ಪಕ್ಕದಲ್ಲೇ ಬೆಳಂಬಾರ, ಅಷ್ಟು ದೂರಕ್ಕೂ ಬರಲಾರದ ಅಪ್ಪ ಎಂಥ ಅಪ್ಪ ಎಂದು ನೀನು ಅತ್ತದ್ದೂ ಗೊತ್ತು. ನೀನೇ ಆರಿಸಿಕೊಂಡ ಗಂಡನೆಂದು ಮಾಮನಿಗೆ ಇನ್ನೂ ಸಿಟ್ಟಿದೆ ಎಂದು ನೀನು ತಿಳಿದಿದ್ದೀಯಂತೆ.

ಅದಲ್ಲ ಅಕ್ಕಾ. ಕಾರಣ ನಾನು. ನಾನು ಮತ್ತು ಒಂದು ಚುಟ್ಟಾ.

ಶ್ರೀನಿವಾಸಣ್ಣನ ಸಂಜೆಯ ಸವಾರಿ ನಿನಗೆ ಗೊತ್ತಲ್ಲ. ಮಾಮ ಕೈಯಾರೆ ಸುತ್ತಿದ ಚುಟ್ಟಾವನ್ನು ಪುಕ್ಕಟೆ ಬಾಯಿಗಿಟ್ಟುಕೊಂಡು, "ದೇವಾನಂದಣ್ಣ, ಇದಕ್ಕೆ ಎಳೆತ ಸಾಲೂದಿಲ್ಲ, ಸ್ವಲ್ಪ ಕಹಿಯೂ ಅದೆ" ಎಂದು ತೀರ್ಪು ಕೊಡುವವನು. ನನ್ನ ನ್ಯಾಯಾಲಯ ಇದನ್ನು ಸಹಿಸಲಿಲ್ಲ. ಎಳೆತ ಇಲ್ಲದ ಚುಟ್ಟಾ ಎಂದರೇನು ಎಂದು ಅವನಿಗೆ ಸಾಕ್ಷಾತ್ ತೋರಿಸಬೇಕೆಂದು ತೀರ್ಮಾನಿಸಿದೆ. ಉಪಾಯ ಮಾಮನೇ ಕಲಿಸಿದ್ದು. ಎಲೆಯ ನಡುವಿನ ದಂಟು ಪೂರ್ತಿ ತೆಗೆಯಬೇಕು, ಬಿಗಿ ಮಾಡಿ ಸುತ್ತಬಾರದು, ಇಲ್ಲದಿದ್ದರೆ ಹೊಗೆ ಒಳಗೇ ಕಟ್ಟುತ್ತದೆ, ಸೇದುವವನು ಜೋರಾಗಿ ಎಳೆಯುತ್ತಾನೆ, ಬೆಂಕಿಯ ಕಾವು ಏರಿ ಬಾಯಿಗೆ ಬರೀ ಕಹಿ ಬರುತ್ತದೆ ಎಂದು ಅವನು ಎಷ್ಟು ಸಲ ಹೇಳಿಲ್ಲ. ನಾನು ಅದನ್ನೆಲ್ಲ ತಿರುಗಿಸಿ ಮಾಡಿದೆ. ಒದ್ದೆ ದಂಟಿನ ತುಂಡುಗಳನ್ನು ನಡುವೆ ತುರುಕಿ, ಹಗ್ಗ ಹೊಸೆದಂತೆ ಬಿಗಿದು, ಮೇಲಿಂದ ಒಳ್ಳೆಯ ಎಲೆ ಹೊದಿಸಿ, ಗಂಜಿ ಸವರಿ ಅಂಟಿಸಿದೆ. ದಂಟು ಇದ್ದದ್ದರಿಂದಲೋ ಏನೋ, ಕೋಲಿನ ಹಾಗೆ ನೆಟ್ಟಗೆ ಬಂತು. ಸಂಜೆ ಶ್ರೀನಿವಾಸಣ್ಣನ ಕೈಗೆ ಸಿಗಲೆಂದು ಮಾಮನ ಚುಟ್ಟಾ ಡಬ್ಬಿಯಲ್ಲಿಟ್ಟೆ. ಅದರಲ್ಲಿ ಅಷ್ಟು ಚಂದದ್ದು ಇನ್ನೊಂದಿರಲಿಲ್ಲ.

ಅದೇ ತಪ್ಪಾಯಿತು. ಮರುದಿನ ಬೆಳಿಗ್ಗೆ ಮಾಮ ಸ್ನಾನ ಮಾಡಿ ಬಂದು ಡಬ್ಬಿ ತೆರೆದ. ಎಲ್ಲಕ್ಕಿಂತ ಚಂದದ್ದನ್ನು ಆರಿಸಿಕೊಂಡು ಜಟಗನ ಹತ್ತಿರ ಹೋದ.

ನಮ್ಮ ಕಲ್ಲುದೇವರು ಜಟಗನ ಕತೆ ನಿನಗೆ ಹೇಳಬೇಕಿಲ್ಲ. ನೌಕಾನೆಲೆಗೆ ಜಾಗ ಹೋದಾಗ ನಮ್ಮೊಡನೆ ನಿರಾಶ್ರಿತನಾಗಿ ಬಂದು, ಪರಿಹಾರದ ಅರ್ಜಿ ಹಾಕದೆ ತೆಂಗಿನ ಬುಡದಲ್ಲಿ ಕುಳಿತ ಏಕೈಕ ಸದ್ಗೃಹಸ್ಥ. ಹೆಣ್ಣುಮಗಳನ್ನು ಹೆರಿಗೆಗೆ ಕರೆತರುವ ಮುಂಚೆ ಅವನ ಅಪ್ಪಣೆ ಬೇಕು. ಮನೆಯ ಯಜಮಾನ ಚುಟ್ಟಾ ಹಚ್ಚಿ, ಒಂದು ದಮ್ಮು ಎಳೆದು, ಕಲ್ಲಿನ ಮೇಲೆ ಇಡಬೇಕು. ಅದು ತಾನಾಗಿ ಬೂದಿಯಾದರೆ ಜಟಗ ಸೇದಿದ, ಒಪ್ಪಿದ ಎಂದು ಅರ್ಥ.

ಅದು ನಂದಿತು. ಮಾಮ ಮತ್ತೆ ಹಚ್ಚಿದ, ಮತ್ತೆ ನಂದಿತು. ಕೆನ್ನೆ ಒಳಗೆ ಹೋಗುವಷ್ಟು ಎಳೆದ, ಕಹಿಗೆ ಮುಖ ಕಿವುಚಿ ಉಗುಳಿದ. ನಾನು ಅಬ್ಬಲಿಗೆ ಹೂ ಕೀಳುತ್ತಾ ನೋಡುತ್ತಿದ್ದೆ. ಓಡಿ ಹೋಗಿ ಹೇಳಬಹುದಿತ್ತು. ಅಕ್ಕಾ, ನಾಚಿಕೆಯಿಂದ ಬರೆಯುತ್ತಿದ್ದೇನೆ, ಆಗ ನನಗೆ ನಗು ತಡೆಯಲಾಗದೆ ಬಾಯಿಗೆ ಸೆರಗು ಒತ್ತಿಕೊಂಡಿದ್ದೆ. ಮಾಮ ತಿರುಗಿದಾಗ ಅವನ ಮುಖ ನೋಡಿದೆ. ನಗು ಅಲ್ಲೇ ನಿಂತಿತು. ಅವನು ಚುಟ್ಟಾವನ್ನು ಎರಡೂ ಕೈಯಲ್ಲಿ ಹಿಡಿದು ನಡೆದುಕೊಂಡು ಹೋಗಿ ಸಮುದ್ರಕ್ಕೆ ಬಿಟ್ಟು ಬಂದ. ಅಂದಿನಿಂದ ನಿನ್ನ ಹೆಸರೆತ್ತಿದರೆ ಎದ್ದು ಹಿತ್ತಿಲಿಗೆ ಹೋಗುತ್ತಾನೆ. ಈ ಮನೆಗೆ ತಂದರೆ ನಿನಗೆ ಕೇಡು ಎಂದು ಅವನ ಭಯ.

ನಾನು ಹೇಳಿಲ್ಲ ಎಂದುಕೊಳ್ಳಬೇಡ. ಸಂಜೆಯೇ ಕೈಕಟ್ಟಿ ನಿಂತು, ದಂಟು ತುರುಕಿದ್ದು ನಾನು ಎಂದು ಒಪ್ಪಿಕೊಂಡೆ. ಅವನು ನನ್ನ ತಲೆ ಸವರಿದ.

"ನಂಗೆ ಸಮಾಧಾನ ಮಾಡೂಕೆ ಸುಳ್ಳು ಹೇಳ್ತೆ, ಅಲ್ಲ ಮಗಾ? ಇಷ್ಟು ಗಂಭೀರ ಮುಖ ಮಾಡ್ಕಂಡು ನೀ ಯಾವತ್ತು ನಿಜ ಹೇಳಿದ್ದೆ?"

ಹೌದಲ್ಲ. ಶ್ರೀನಿವಾಸಣ್ಣನಿಗೆ ಪಂಚಾಯತಿಯಿಂದ ಸನ್ಮಾನ ಇದೆ ಎಂದು ಹೇಳಿ ಅಂಗಿಗೆ ಇಸ್ತ್ರಿ ಹಾಕಿಸಿದಾಗಲೂ ಇದೇ ಮುಖ ಮಾಡಿದ್ದೆ. ನನಗೆ ಬೇರೆ ಮುಖವೇ ಇಲ್ಲ. ಮಾಮನ ಕಣ್ಣೆದುರೇ ಇನ್ನೊಂದನ್ನು ಹಾಗೆಯೇ ಸುತ್ತಿ ತೋರಿಸಿದೆ. ಅವನು ಎಳೆದು ನೋಡಿದ. ಆಮೇಲೆ, ಹಾಗಾದರೆ ಆ ಚುಟ್ಟಾವನ್ನೂ ತಾನೇ ದಂಟು ತೆಗೆಯದೆ ಸುತ್ತಿರಬೇಕು, ಕೈಗೆ ಈಗ ತಿಳಿಯುವುದಿಲ್ಲ, ದೇವರಿಗೆ ಕೊಡುವ ಕೈ ಅಲ್ಲ ಇದು ಎಂದ. ಉಳಿದ ಎಲೆಯನ್ನೆಲ್ಲ ಕಟ್ಟಿ ಶ್ರೀನಿವಾಸಣ್ಣನಿಗೆ ಕೊಟ್ಟುಬಿಟ್ಟ. ಸಂಜೆ ಬರಿಗೈಯಲ್ಲಿ ಕೂರುತ್ತಾನೆ. ಬೆರಳುಗಳು ಮಾತ್ರ ಲುಂಗಿಯ ಅಂಚನ್ನು ಸುತ್ತುತ್ತಾ ಇರುತ್ತವೆ.

ಅದಕ್ಕೇ ಕೇಳುತ್ತಿದ್ದೇನೆ. ಸಿಟ್ಟು ನನ್ನ ಮೇಲೆ ಮಾಡು, ಎಷ್ಟು ಬೇಕಾದರೂ. ಅಪ್ಪನಿಗೆ ಒಂದು ಫೋನ್ ಮಾಡಿ, ಕರೆದುಕೊಂಡು ಹೋಗು ಬಾ ಎನ್ನು. ನನ್ನ ಮಾತಿಗೆ ಏಳದವನು ನಿನ್ನ ದನಿಗೆ ಎದ್ದಾನು.

ನಿನ್ನ ಹೊಟ್ಟೆಯೊಳಗಿನ ಮಹಾಶಯ ಅಥವಾ ಮಹಾಶಯೆಗೆ ಈ ಚಿಕ್ಕಮ್ಮನ ಆಶೀರ್ವಾದ: ಆಯುಷ್ಯವಂತರಾಗಿ, ಜೋರು ಗಂಟಲಿನವರಾಗಿ, ನನ್ನ ಗುಣ ಮಾತ್ರ ಬಾರದಿರಲಿ.

ಇತಿ ನಿನ್ನ
ದೀಕ್ಷಾ

ತಾ.ಕ.: ಬರೆಯಬಾರದು ಎಂದಿದ್ದೆ. ನಿನ್ನೆ ಪಾತ್ರೆ ತೊಳೆಯುವಾಗ, ಒಂದು ಚುಟ್ಟಾಕ್ಕೆ ಮಾಮ ಇಷ್ಟು ಹೆದರುವುದೇಕೆ ಎಂದು ಮಾಮಿಯನ್ನು ಕೇಳಿದೆ. ಅವಳು ಕೈಯ ಪಾತ್ರೆ ಕೆಳಗಿಟ್ಟು ಹೇಳಿದಳು: "ನಿನ್ನ ಆಯಿನ ಬಾಣಂತನಕ್ಕೆ ಕರಕಂಬರೂ ಮುಂಚೆನೂ ಇವ್ರು ಚುಟ್ಟಾ ಇಟ್ಟಿದ್ರು. ಅವತ್ತೂ ನಂದಿತ್ತು. ಎಲೆ ಥಂಡಿ ಹಿಡದದೆ ಅಂತ ನಗಾಡ್ಕಂತ ಹೋಗಿ ತಂಗಿನ ಕರಕಂಬಂದ್ರು."

ನನ್ನ ಹೆತ್ತ ಆಯಿ ಹೋದದ್ದೂ ನಾನು ಭೂಮಿಗೆ ಬಂದದ್ದೂ ಒಂದೇ ದಿನ ಎಂದು ನನಗೆ ಗೊತ್ತಿತ್ತು. ಆ ನಗುವನ್ನು ಮಾಮ ಇಷ್ಟು ವರ್ಷ ಹೊತ್ತುಕೊಂಡೇ ನನ್ನ ಕಿತಾಪತಿಗಳಿಗೆಲ್ಲ ನಕ್ಕ ಎಂದು ಗೊತ್ತಿರಲಿಲ್ಲ.

ಇವತ್ತು ಶ್ರೀನಿವಾಸಣ್ಣನಿಂದ ಎಲೆ ಬೇಡಿ ತಂದು, ದಂಟು ಬಿಡಿಸಿ, ಸಡಿಲವಾಗಿ ಒಂದು ಸುತ್ತಿದೆ. ಹಚ್ಚದೆಯೇ ಬಾಯಿಗಿಟ್ಟು ಎಳೆದು ನೋಡಿದೆ, ಗಾಳಿ ಸಲೀಸಾಗಿ ಬರುತ್ತದೆ. ಜಟಗನನ್ನು ನಾನು ನಂಬುವವಳಲ್ಲ, ನಿನಗೆ ಗೊತ್ತು. ಆದರೂ ಕಲ್ಲಿನ ಮುಂದೆ ಹೋಗಿ ನಿಂತರೆ, ಕಡ್ಡಿ ಗೀರಲು ಕೈ ಏಳುತ್ತಿಲ್ಲ.