ಅಪ್ಪನ ಮಾರ್ಚ್, ಅಮ್ಮನ ಅಕ್ಟೋಬರ್

ಅಕ್ಟೋಬರ್ 17, ಶುಕ್ರವಾರ. ಅಮ್ಮನ ಮನೆ

ಬಟ್ಟೆ ಚೀಲಕ್ಕೆ ತುಂಬಿಯಾಯಿತು. ನಾಳೆ ಮಧ್ಯಾಹ್ನ ಅಪ್ಪನ ಮನೆಗೆ. ಈ ವಾರ ಇಲ್ಲಿ, ಬರುವ ವಾರ ಅಲ್ಲಿ. ಚಾರ್ಜರ್ ಈ ಸಲವಾದರೂ ಮರೆಯಬಾರದು.

ಕಾಲೇಜು ಸೇರಲು ಬರೆದ ಎಸ್‌ಎಟಿ ಪರೀಕ್ಷೆಯ ಫಲಿತಾಂಶ ಬಂತು. 1600ಕ್ಕೆ 1320. ಮಾರ್ಚಿನಲ್ಲಿ ಬರೆದಾಗಲೂ 1320! ಆಗ ಲೆಕ್ಕ 710, ಓದು 610. ಈಗ ಲೆಕ್ಕ 620, ಓದು 700. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಮ್ಮ ಕ್ಲಿನಿಕ್ಕಿನಿಂದ ಬಂದವಳು ಕೋಟು ಕೂಡ ಬಿಚ್ಚದೆ ನನ್ನನ್ನು ಅಪ್ಪಿಕೊಂಡಳು.

"ಓದಿನಲ್ಲಿ ಏಳ್ನೂರು! ನನ್ನ ಮಗಳು ಕಣೇ ನೀನು. ಅವತ್ತು ನಾನು ಹಟ ಹಿಡಿದು ಪರೀಕ್ಷೆಗೆ ಕರ್ಕೊಂಡು ಹೋಗದೇ ಇದ್ದಿದ್ರೆ ಆ ಮನುಷ್ಯ ನಿನ್ನನ್ನ ಆಲೂಗಡ್ಡೆ ರಾಶೀಲೇ ಹೂತುಬಿಡ್ತಿದ್ದ. ಇದನ್ನೇ ಕಳ್ಸು ಕಾಲೇಜಿಗೆ."

ಆ ಮನುಷ್ಯ ಅಂದರೆ ಅಪ್ಪ.

ಅಕ್ಟೋಬರ್ 19, ಭಾನುವಾರ. ಅಪ್ಪನ ಮನೆ

ಬೆಳಗ್ಗೆ ಅಪ್ಪ ಕಾವಲಿಯ ಮೇಲೆ ಪ್ಲಾಯ್, ನಮ್ಮೂರಿನ ದೋಸೆ, ಹುಯ್ಯುತ್ತಿದ್ದ. ಬೆಣ್ಣೆ ಸವರಿ, ಸುರುಳಿ ಸುತ್ತಿ ತಟ್ಟೆಗೆ ಹಾಕಿದ. ಅಂಕ ಹೇಳಿದೆ.

"ಅಷ್ಟೇ ತಾನೆ ಮಾರ್ಚಲ್ಲೂ ಬಂದಿದ್ದು? ಮತ್ಯಾಕೆ ಬೇಕಿತ್ತು ಇದು? ಆಲೂಗಡ್ಡೆ ಕೀಳೋಕೆ ಅಂತ ಸ್ಕೂಲೇ ರಜಾ ಕೊಡುತ್ತೆ. ಪರೀಕ್ಷೆ ದಿನ ಊರಿನ ಮಕ್ಕಳೆಲ್ಲ ಹೊಲದಲ್ಲಿ, ನನ್ನ ಕೀಳೋ ಯಂತ್ರದ ಮೇಲೆ ಆಲೂಗಡ್ಡೆ ಜೊತೆ ಬರೋ ಕಲ್ಲು ಆರಿಸೋಕೆ ನನ್ನ ಮಗಳೇ ಇಲ್ಲ. ಪಕ್ಕದ ಹೊಲದವರು ಕೇಳ್ತಾರೆ, ಲಿಸೆಟ್ ಎಲ್ಲೋ ಅಂತ. ಏನ್ ಹೇಳ್ಲಿ?"

ಇನ್ನೊಂದು ಪ್ಲಾಯ್‌ಗೆ ಕೈ ಚಾಚಿದೆ.

"ಲೆಕ್ಕ ನಮ್ಮ ಕಡೆಯಿಂದ ಬಂದಿದ್ದು. ನಿಮ್ಮಮ್ಮಂಗೆ ಚಿಲ್ಲರೆ ಎಣಿಸೋಕೂ ಬರಲ್ಲ. ಮಾರ್ಚಿಂದೇ ಕಳ್ಸು ಮರಿ."

ಮಾರ್ಚಿನಲ್ಲಿ ರಸ್ತೆ ತುಂಬ ಮಂಜುಗಡ್ಡೆ. ಅಪ್ಪ ಉಸಿರು ಬಿಗಿಹಿಡಿದು ಟ್ರಕ್ ಓಡಿಸಿದ. ಪರೀಕ್ಷೆ ಮುಗಿಯುವ ತನಕ ಅದರಲ್ಲೇ ನಡುಗುತ್ತ ಕೂತಿದ್ದ. ಅಕ್ಟೋಬರಿನಲ್ಲಿ ಅಮ್ಮನೂ ಹಾಗೆಯೇ ಕಾದಿದ್ದಳು. ಅದಕ್ಕೇ ಕಷ್ಟ. ಇಬ್ಬರಲ್ಲಿ ಒಬ್ಬರಾದರೂ ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು!

ನವೆಂಬರ್ 5

ಸ್ಕೂಲಿನ ಕೌನ್ಸೆಲರ್ ಮಿಸ್ ಥೆರಿಯೊ ಕೋಣೆಯಲ್ಲಿ.

"ಬೇರೆ ಕಾಲೇಜಾದ್ರೆ ಎರಡು ಪರೀಕ್ಷೇಲೂ ಒಳ್ಳೇ ಅಂಕಾನ ಆರಿಸಿ ಕೂಡಿಸ್ಕೋತಾರೆ. ನೀನು ಸೇರ್ಬೇಕು ಅಂತಿರೋ ಸಮುದ್ರದ ದಡದ ಕಾಲೇಜು ಹಾಗಲ್ಲಮ್ಮ, ಒಂದೇ ದಿನದ ಅಂಕ ಕೇಳುತ್ತೆ. ಎರಡೂ ಸಮ ಇದೆಯಲ್ಲ, ಯಾವುದಾದ್ರೂ ಕಳ್ಸು."

"ಯಾವುದಾದ್ರೂ ಅಂದ್ರೆ?"

"ಹತ್ತಿಪ್ಪತ್ತು ಆಚೀಚೆ ಆದ್ರೂ ಅವರ ಕಣ್ಣಿಗೆ ಬೀಳಲ್ಲ. ಇಷ್ಟಕ್ಕೆ ಯಾಕೆ ತಲೆ ಕೆಡಿಸ್ಕೊಂಡಿದೀಯ?"

ಹೊರಗೆ ಬಂದು ಕೂಡಿಸಿ ನೋಡಿದೆ. ಅಪ್ಪನ ಲೆಕ್ಕ, ಅಮ್ಮನ ಓದು — 1410. ಅಂಥ ಹುಡುಗಿ ಯಾವ ದಿನವೂ ಇರಲಿಲ್ಲ. ಇಬ್ಬರೂ ಒಟ್ಟಿಗಿದ್ದ ಮನೆಯಲ್ಲಿ ಇರುತ್ತಿದ್ದಳೋ ಏನೋ.

ನವೆಂಬರ್ 28. ಅಮ್ಮನ ಮನೆ

ನಿನ್ನೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಮಧ್ಯಾಹ್ನ ಇಲ್ಲಿ ಟರ್ಕಿ, ಸಂಜೆ ಅಲ್ಲಿ ಟರ್ಕಿ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರೆ. ಸುಳ್ಳು. ಈ ಕೂಸು ಎರಡೆರಡು ಸಲ ತಿಂದು ದಪ್ಪಗಾಗಿದೆ.

ಇಲ್ಲಿ ಕೇಳಿದ್ದು: "ಅವನು ಏನಂತಾನೆ, ಯಾವುದು ಕಳ್ಸೋದಂತೆ?" ಅಲ್ಲಿ ಕೇಳಿದ್ದು: "ಅವಳು ಏನಂತಾಳೆ?" ಆ ಕಾಲೇಜಿಗೆ ಹೋಗಿ ಏನು ಓದುತ್ತೀಯ ಎಂದು ಯಾರೂ ಕೇಳಲಿಲ್ಲ. ಕಡಲ ಪಾಚಿ. ಉತ್ತರ ಬಾಯಲ್ಲೇ ಇತ್ತು. ಕೇಳಿದ್ದರೆ, ಆಲೂಗಡ್ಡೆ ಊರಿನವಳಿಗೆ ಪಾಚಿಯ ಹುಚ್ಚು ಹೇಗೆ ಹಿಡಿಯಿತು ಎಂದು ಇಬ್ಬರೂ ನಗುತ್ತಿದ್ದರೇನೋ. ನಕ್ಕಿದ್ದರೂ ಸಾಕಿತ್ತು.

ಹೋದ ವಾರವೇ ಡಿಸೆಂಬರ್ ಪರೀಕ್ಷೆಗೆ ಹೆಸರು ಕೊಟ್ಟೆ. ಯಾರಿಗೂ ಹೇಳಿಲ್ಲ.

ಡಿಸೆಂಬರ್ 6, ಶನಿವಾರ

ಬರೆದು ಬಂದೆ.

ಗುಟ್ಟಾಗಿ ಹೋಗುವುದು ಬಲು ಸುಲಭವಾಯಿತು. ಬೆಳಗ್ಗೆ ಅಪ್ಪನಿಗೆ "ಅಮ್ಮ ಬೇಗ ಬಾ ಅಂದಿದಾಳೆ" ಅಂದೆ. ಅಮ್ಮ ಹೇಗೂ ಮಧ್ಯಾಹ್ನಕ್ಕೆ ಮುಂಚೆ ನನ್ನ ದಾರಿ ನೋಡುವವಳಲ್ಲ. ಅವರಿಬ್ಬರೂ ಮಾತಾಡುವುದಿಲ್ಲ, ಹಾಗಾಗಿ ಸಿಕ್ಕಿಬೀಳುವ ಭಯವಿಲ್ಲ. ಹೋದ ತಿಂಗಳು ಅಜ್ಜನ ಹಳೆಯ ಕಾರು ನನಗೆ ಬಂದ ಮೇಲೆ, ನನ್ನನ್ನು ಬಿಟ್ಟು ಹೋಗಲು, ಕರೆದೊಯ್ಯಲು ಎಂದು ಅವರು ಮುಖ ನೋಡಿಕೊಳ್ಳುವುದೂ ನಿಂತಿದೆ.

ಹಿಮ ಸಣ್ಣಗೆ ಬೀಳುತ್ತಿತ್ತು. ಒಬ್ಬಳೇ ಓಡಿಸಿದೆ. ಬಿಡುವಿನಲ್ಲಿ ಕಾರಿನಲ್ಲಿ ಕೂತು ತಣ್ಣನೆಯ ಪ್ಲಾಯ್ ತಿಂದೆ. ಅತ್ತಿತ್ತ ಕಾರುಗಳಲ್ಲಿ ಅಪ್ಪಂದಿರು, ಅಮ್ಮಂದಿರು ಕಾಯುತ್ತಿದ್ದರು. ನನ್ನ ಫೋನು ಮಿಸುಕಲಿಲ್ಲ. ಹಾಗಾಗಲಿ ಅಂತಲೇ ಸುಳ್ಳು ಹೇಳಿದ್ದು. ಆದರೂ ಮತ್ತೆ ಮತ್ತೆ ನೋಡಿದೆ... ಬಹಳ ಒಂಟಿ ಅನ್ನಿಸಿತು.

ಡಿಸೆಂಬರ್ 19. ಅಪ್ಪನ ಮನೆ

1310. ಲೆಕ್ಕ 660, ಓದು 650. ಹತ್ತು ಕಡಿಮೆ.

ಎಷ್ಟೋ ಹೊತ್ತು ನೋಡುತ್ತ ಕೂತೆ. ಯಾರ ಕಡೆಗೂ ವಾಲಿಲ್ಲ. ಯಾರೂ ಕರೆದುಕೊಂಡು ಹೋಗಿಲ್ಲ, ಯಾರೂ ಕಾದಿಲ್ಲ. ಸಾಧಾರಣ ಅಂಕ, ಆದರೆ ನನ್ನದು.

ಡಿಸೆಂಬರ್ 31. ಅಪ್ಪನ ಮನೆ

ನಾಳೆ ಕಾಲೇಜಿನ ಅರ್ಜಿಗೆ ಕೊನೆಯ ದಿನ. ಡಿಸೆಂಬರಿನದನ್ನೇ ಕಳಿಸಿಬಿಟ್ಟೆ. ಈ ಹತ್ತು ಅಂಕಕ್ಕೇ ಸೀಟು ತಪ್ಪಿದರೆ? ತಪ್ಪಿದರೆ ನನ್ನಿಂದಲೇ ತಪ್ಪಲಿ.

ಕೆಳಗಿನಿಂದ ಅಪ್ಪನ ಕೂಗು: "ಕಳಿಸಿದ್ಯಾ ಮರಿ? ಮಾರ್ಚಿಂದೇ ತಾನೆ?"

"ಹೂಂ ಅಪ್ಪಾ."

ಅಷ್ಟರಲ್ಲಿ ಅಮ್ಮನ ಮೆಸೇಜು: "ಅಕ್ಟೋಬರಿಂದೇ ಅಲ್ವಾ ಚಿನ್ನ?" ಹೌದಮ್ಮ ಎಂದು ಬರೆದೆ. ಸಾಲು ಸಾಲು ಹೃದಯದ ಚಿತ್ರಗಳು ಬಂದವು. ಕೆಳಗೆ ಅಪ್ಪ ಸಿಳ್ಳೆ ಹಾಕುತ್ತಿದ್ದಾನೆ. ಒಂದೇ ದಿನ ಇಬ್ಬರೂ ಖುಷಿಯಾಗಿದ್ದು ಎಷ್ಟು ವರ್ಷದ ಮೇಲೆ! ಯಾರಿಗಾದರೂ ಹೇಳಬೇಕು ಅನ್ನಿಸಿತು. ಹೇಳುವಂಥವರು ಇಬ್ಬರೇ, ಅವರಿಗೇ ಹೇಳುವಂತಿಲ್ಲ.

ಸಿಳ್ಳೆ ನಿಂತಿತು. ಮೆಟ್ಟಿಲು ಹತ್ತಿ ಬರುತ್ತಿದ್ದಾನೆ. ಅಲ್ಲಿ ಏನು ಓದ್ತೀಯ ಎಂದು ಒಂದು ಮಾತು ಕೇಳಲಿ, ಎಲ್ಲ ಹೇಳಿಬಿಡುತ್ತೇನೆ. ಪಾಚಿ, ಡಿಸೆಂಬರ್, ಎಲ್ಲ. ಕೇಳಿದರೆ —