ಮೊದಲು ಅಜ್ಜಿಯ ಕಣ್ಣಿಗೆ

ಮಾಲೂರು,
11-2-1984

ಪ್ರೀತಿಯ ಅಜ್ಜೀ,

ನಿನ್ನ ಮೊಮ್ಮಗಳು ಶ್ಯಾಮಲ ಮಾಡುವ ನಮಸ್ಕಾರ. ಕೆಮ್ಮು ಹೇಗಿದೆ? ಎಡಗಣ್ಣಿಗೆ ಪೊರೆ ಬಂದ ಮೇಲೂ ಬಲಗಣ್ಣೊಂದರಲ್ಲೇ ರಾಗಿಯ ಕಲ್ಲು ಆರಿಸುತ್ತಾ ಕೂರುತ್ತೀಯಂತೆ, ಪಕ್ಕದ ಮನೆಯ ಆವಲಮ್ಮಕ್ಕ ಬರೆದಿದ್ದಳು. ಹೇಳಿದರೆ ಕೇಳುವವಳಲ್ಲ ನೀನು. ಅಕ್ಕನ ಬಾಣಂತನವೂ ನಿನ್ನ ತಲೆಯ ಮೇಲೇ ಬಿದ್ದಿದೆ. ಸೋಮವಾರ ಕೂಸಿನ ನಾಮಕರಣಕ್ಕೆ ಬರುತ್ತೇನೆ, ರಜ ಸಿಕ್ಕಿದೆ. ಹೋಳೂರು ಬಸ್ಸಿನ ಕಂಡಕ್ಟರ್ ಮುನಿಶಾಮಿ ಮಾವನ ಕೈಲಿ ಗುರುವಾರ ಕಳಿಸಿದ ಕಾಡಿಗೆ ಡಬ್ಬಿ ಸೇರಿರಬೇಕು. ಈ ಕೆಮ್ಮಿನಲ್ಲಿ ಹರಳೆಣ್ಣೆ ದೀಪದ ಹೊಗೆ ಕುಡಿಯುತ್ತಾ ನೀನು ಕಾಡಿಗೆ ಮಾಡುವುದು ಬೇಡವೆಂದು, ನಮ್ಮ ಫ್ಯಾಕ್ಟರಿಯದನ್ನೇ ಸೂಪರ್‌ವೈಸರ್ ಕೋದಂಡರಾಮಪ್ಪನವರನ್ನು ಕೇಳಿ ತೆಗೆದುಕೊಂಡೆ.

ಪರೀಕ್ಷೆ ವಿಭಾಗದಲ್ಲಿ ಕೆಲಸ ಎಂದು ನಾನು ಬರೆದಾಗ, ಮೊಮ್ಮಗಳು ಡಾಕ್ಟರಾದಳೆಂದು ಬೀದಿಗೆಲ್ಲ ಹೇಳಿಕೊಂಡು ಬಂದೆಯಂತಲ್ಲ! ನಿಜ ಹೇಳಲು ನಾಚಿಕೆಯಾಗುತ್ತದೆ ಅಜ್ಜಿ. ನನ್ನ ಕೆಲಸ ಮೊಲಗಳನ್ನು ಹಿಡಿದುಕೊಳ್ಳುವುದು. ತಲೆ ಮಾತ್ರ ಹೊರಗಿರುವ ಮರದ ಪೆಟ್ಟಿಗೆಯಲ್ಲಿ ಅವನ್ನು ಕೂರಿಸುತ್ತಾರೆ, ಕಣ್ಣು ಉಜ್ಜಿಕೊಳ್ಳಲು ಕಾಲು ಎಟುಕಬಾರದಲ್ಲ, ಅದಕ್ಕೆ. ಹೊಸ ಕಾಡಿಗೆಯನ್ನು ಕಣ್ಣಿಗೆ ಹಾಕಿ, ದಿನಾ ಎಷ್ಟು ಕೆಂಪಾಯಿತೆಂದು ಬರೆದುಕೊಳ್ಳುತ್ತಾರೆ. ಮೊಲ ಕೂಗುವುದಿಲ್ಲ, ಸುಮ್ಮನೆ ನಡುಗುತ್ತದೆ. ಅದರಲ್ಲೊಂದಕ್ಕೆ ನಾನು ಕದ್ದು ಹಿಪ್ಪುನೇರಳೆ ಸೊಪ್ಪು ತಿನ್ನಿಸುತ್ತಿದ್ದೆ. ನನ್ನನ್ನು ಕಂಡರೆ ಕಿವಿ ನಿಮಿರಿಸುತ್ತಿತ್ತು. ನಿನ್ನೆ ಸೊಪ್ಪು ಹಿಡಿದರೆ ಮೂಗು ಆಡಿಸಿತೇ ಹೊರತು ಸೊಪ್ಪು ಎಲ್ಲಿದೆಯೆಂದು ಅದಕ್ಕೆ ಕಾಣಲಿಲ್ಲ. ಎರಡು ಕಣ್ಣೂ ಸುಣ್ಣದ ಹಾಗೆ ಬೆಳ್ಳಗಾಗಿವೆ. ಹಾಕುವಾಗ ಹಿಡಿದುಕೊಂಡಿದ್ದವಳು ನಾನೇ. ನಿನ್ನೆಯಿಂದ ಊಟ ಸೇರುತ್ತಿಲ್ಲ.

ನಿನ್ನನ್ನೇ ನೆನೆಯುತ್ತಿದ್ದೇನೆ. ನಂದಬಟ್ಟಲು ಹೂವಿನ ರಸದಲ್ಲಿ ಅದ್ದಿದ ಬತ್ತಿ ಹಚ್ಚಿ, ಹಿತ್ತಾಳೆ ತಟ್ಟೆ ಕವುಚಿ, ಮಸಿ ಕೆರೆದು ತೆಗೆದು, ನಮಗೆ ಹಚ್ಚುವ ಹಿಂದಿನ ದಿನವೇ ನಿನ್ನ ಕಣ್ಣಿಗೆ ಹಚ್ಚಿಕೊಳ್ಳುತ್ತಿದ್ದೆ. “ನಂಗ್ ಉರೀದಿದ್ರೆ ಮಗೀಗೂ ಉರಿಯಾಕಿಲ್ಲ ಕಣೇ” ಅನ್ನುತ್ತಿದ್ದೆ. ಒಂದು ಸಲ ಕಣ್ಣು ಊದಿಕೊಂಡು, ಮಾಡಿದ್ದಷ್ಟನ್ನೂ ತಿಪ್ಪೆಗೆ ಚೆಲ್ಲಿದ್ದೆ. ನಿನ್ನೆ ಸಂಜೆ ಪೇಟೆಯಲ್ಲಿ ಗಂಗುಲಪ್ಪನ ಅಂಗಡಿಗೆ ಹೋಗಿ, ಮೊಲದ ಕಣ್ಣಿಗೆ ಹಾಕಿ ನೋಡದೆ ಮಾಡಿದ ಕಾಡಿಗೆ ಇದೆಯಾ ಎಂದು ಕೇಳಿದೆ. “ಏನಮ್ಮಾ, ಮೊಲ ಎಲ್ಲಾದ್ರೂ ಕಾಡಿಗೆ ಇಕ್ಕೊಂತದಾ?” ಎಂದು ನಕ್ಕ. ಅಲ್ಲಿದ್ದವರೆಲ್ಲ ನಕ್ಕರು. ಇನ್ನು ಮೇಲೆ ಅಂಗಡಿಯ ಕಾಡಿಗೆ ನನಗೆ ಬೇಡ. ನಿನಗೆ ಕಳಿಸಿದ್ದು ಪಾಸಾದ ಮಾಲು, ಕೂಸಿಗೆ ಭಯವಿಲ್ಲ ಎಂದು ಸೂಪರ್‌ವೈಸರ್ ಹೇಳಿದ್ದಾರೆ. ಆದರೂ ಅದೂ ಯಾವುದೋ ಮೊಲದ ಕಣ್ಣು ದಾಟಿಯೇ ಬಂದದ್ದಲ್ಲವೇ? ಈ ಕೆಲಸ ಬಿಡುತ್ತೇನೆ, ಬೈಯಬೇಡ. ಬಂದಾಗ ಕಾಡಿಗೆ ಮಾಡುವುದನ್ನು ನನಗೂ ಹೇಳಿಕೊಡು, ಹೊಗೆ ನಾನು ಕುಡಿಯುತ್ತೇನೆ.

ಅಪ್ಪನಿಗೆ ನಮಸ್ಕಾರ, ಅಕ್ಕನ ಕೂಸಿಗೆ ಚಿಕ್ಕಮ್ಮನ ಮುತ್ತು.

ನಿನ್ನ,
ಶ್ಯಾಮಲ

ಮರೆತದ್ದು: ಅಕ್ಕಾ, ಅಜ್ಜಿಗೆ ಕಾಗದ ಓದಿ ಹೇಳುವವಳು ನೀನೇ, ಇದನ್ನು ಈಗಲೇ ಓದು. ಲಕೋಟೆ ಅಂಟಿಸುವಷ್ಟರಲ್ಲಿ ಜೊತೆಗೆ ಕೆಲಸ ಮಾಡುವ ಆಂಜಿನಮ್ಮ ಪರೀಕ್ಷೆಯ ಲೆಕ್ಕದ ಪುಸ್ತಕ ಹಿಡಿದು ಓಡಿ ಬಂದಳು. ನಮಗೆ ಕೊಟ್ಟ ಡಬ್ಬಿ ಪಾಸಾದದ್ದಲ್ಲವಂತೆ, ತಪ್ಪಿ, ಇನ್ನೂ ಪರೀಕ್ಷೆಯಲ್ಲಿರುವ ಏಳನೇ ನಂಬರಿನ ತಟ್ಟೆಯಿಂದ ತೆಗೆದುಕೊಟ್ಟಿದ್ದಾರೆ. ಕಣ್ಣು ಹೋದ ಆ ಮೊಲಕ್ಕೆ ಹಾಕಿದ್ದೂ ಏಳನೆಯದೇ. ಕೂಸಿಗೆ ಮುಟ್ಟಿಸಬೇಡ. ಅಜ್ಜಿಯ ಕೈಯಿಂದ ಡಬ್ಬಿ ಕಿತ್ತುಕೋ. ಹಚ್ಚಿಕೊಂಡಿದ್ದರೆ ಕಣ್ಣಿಗೆ ನೀರು ಹೊಯ್ಯುತ್ತಲೇ ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಓಡು. ಐದು ಗಂಟೆಯ ತನಕ ನಮ್ಮನ್ನು ಫ್ಯಾಕ್ಟರಿಯಿಂದ ಹೊರಗೆ ಬಿಡುವುದಿಲ್ಲ, ಗೇಟಿನ ಸಂದಿಯಿಂದ ಮುನಿಶಾಮಿ ಮಾವನಿಗೆ ಇದನ್ನು ಕೊಡುತ್ತಿದ್ದೇನೆ. ಐದಕ್ಕೆ ಹೊರಟು ಬರುತ್ತೇನೆ. ಅಜ್ಜೀ, ನಿನಗಿರುವುದು ಅದೊಂದೇ ಕಣ್ಣು. ಈ ಒಂದು ಸಲ ನೀನು ಮೊದಲು ಹಚ್ಚಿಕೊಂಡಿರಬೇಡ.